ನೆತ್ತಿಗೆ ಸುರಿದ ಸೋಡಾ

ನಮ್ಮ ಅಡುಗೆಮನೆಯ ಬಾಗಿಲು ನನಗಿಂತ ಎರಡು ಬೆರಳು ಗಿಡ್ಡ. ವಾರಕ್ಕೊಮ್ಮೆಯಾದರೂ ಹಣೆಗೆ ಬಡಿದು, ಬಿ.ಎಸ್ಸಿ. ಓದಿದವನಿಗೂ ಬಗ್ಗುವ ಬುದ್ಧಿ ಬಂದಿಲ್ಲವೆಂದು ಸಾರುತ್ತದೆ. ಮೊದಲೆಲ್ಲ ಉಜ್ಜಿಕೊಂಡು ಮುಂದೆ ಹೋಗುತ್ತಿದ್ದೆ. ಈಗ ಅಲ್ಲೇ ಕುಳಿತುಬಿಡುತ್ತೇನೆ. ನಗಬೇಡಿ, ಕಾರಣವಿದೆ.

ಎಂಬತ್ತನೆಯ ಇಸವಿಯ ಆಸುಪಾಸಿನಲ್ಲಿ ಇದೇ ನಮ್ಮ ಮಧುಗಿರಿಯಲ್ಲಿ ನಡೆದ ಒಂದು ಕಬಡ್ಡಿ ಪಂದ್ಯಕ್ಕೆ ನಾನು ತೀರ್ಪುಗಾರನಾಗಿದ್ದೆ. ಅರ್ಹತೆಯೆಂದರೆ ನನ್ನ ಬಳಿ ಒಂದು ಡಿಗ್ರಿ, ಒಂದು ಸೀಟಿ ಇದ್ದವು. ಅಂದು ಬೆಂಗಳೂರಿನಿಂದ ವ್ಯಾಯಾಮದ ಶರೀರಶಾಸ್ತ್ರ ಕಲಿಸುವ ಪ್ರೊಫೆಸರೊಬ್ಬರು ಬಂದಿದ್ದರು. ಆಟದಲ್ಲಿ ತಲೆಗೆ ಪೆಟ್ಟು ಬಿದ್ದರೆ ಮಿದುಳಿಗೆ ಏನಾಗುತ್ತದೆಂಬುದು ಅವರ ಸಂಶೋಧನೆ. ಪಂದ್ಯಕ್ಕೆ ಮೊದಲೇ ಒಬ್ಬೊಬ್ಬ ಆಟಗಾರನನ್ನೂ ಕರೆದು, ಇದು ಯಾವ ಊರು, ಇವತ್ತು ಯಾವ ವಾರ, ಎದುರಾಳಿ ಯಾರು ಎಂದು ಕೇಳಿ ಬರೆದುಕೊಂಡರು.

"ಜನಗಣತಿಯೋರಾ ಸಾ? ನಮ್ ಕುರೀನೂ ಬರ್ಕಳಿ!" ಎಂದ ಶಿರಾ ತಂಡದ ಹುಲಿ, ಹುಲಿಕುಂಟೆಯ ಕುರಿಗಾಹಿ ಕರಿಯಣ್ಣ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಆಟದ ನಡುವೆ ಎದುರಾಳಿಯೊಬ್ಬನ ಮಂಡಿ ಕರಿಯಣ್ಣನ ಕಿವಿಯ ಮೇಲ್ಭಾಗಕ್ಕೆ ಬಡಿಯಿತು. ಬಿದ್ದವನು ಅಲುಗಲಿಲ್ಲ. ನಮ್ಮ ಕಡೆ ಇದಕ್ಕೊಂದೇ ಮದ್ದು: ಗೋಲಿ ಸೋಡಾ ಒಡೆದು ನೆತ್ತಿಗೆ ಸುರಿಯುವುದು. ಸುರಿದೆವು. ಬುಸ್ಸೆಂದ ನೊರೆಯಲ್ಲಿ ಎದ್ದು ತೊಡೆ ತಟ್ಟಿದ. ಚಪ್ಪಾಳೆಯೋ ಚಪ್ಪಾಳೆ.

ಪ್ರೊಫೆಸರ್ ಓಡಿಬಂದರು. "ಕರಿಯಣ್ಣ, ಇದು ಯಾವ ಊರು?"

"ನಮ್ಮೂರೇ ಸಾ, ಹುಲಿಕುಂಟೆ."

"ಇವನನ್ನು ಹೊರಗೆ ಕೂರಿಸಿ," ಎಂದು ಅವರು ನನ್ನ ತೋಳು ಹಿಡಿದರು. "ತಮಾಸೆ ಮಾಡ್ತಾವ್ನೆ, ಬುಡಿ ಸಾ!" ಎಂದು ಜನ ಕೂಗಿದರು. ನನಗೆ ಜನರ ಮಾತು ಹಿತವಾಗಿ ಕೇಳಿಸಿತು. ಸೀಟಿ ಊದಿದೆ.

ಕರಿಯಣ್ಣ ಕಬಡ್ಡಿ ಕಬಡ್ಡಿ ಎನ್ನುತ್ತ ನುಗ್ಗಿದ್ದು ಎದುರಾಳಿಗಳ ಮೇಲಲ್ಲ, ತನ್ನವರ ಮೇಲೆಯೇ. "ಲೇ, ನಾವ್ ಕಣ್ಲಾ, ನಿಮ್ಮೋರು!" ಎಂದು ಅವರು ನಗುತ್ತಿದ್ದಂತೆಯೇ ಅವನ ಮಾತು ತೊದಲಿತು, ವಾಂತಿ ಮಾಡಿಕೊಂಡು ಕುಸಿದ. ಇಡೀ ಮೈದಾನದ ನಗು ಒಮ್ಮೆಗೇ ನಿಂತಿತು.

ತುಮಕೂರಿನ ಆಸ್ಪತ್ರೆಗೆ ವ್ಯಾನಿನಲ್ಲಿ ಒಯ್ಯುವಾಗ ಪ್ರೊಫೆಸರ್ ಅವನ ತಲೆಯನ್ನು ಅಲುಗದಂತೆ ಹಿಡಿದು ಅದೇ ಪ್ರಶ್ನೆಗಳನ್ನು ಕೇಳುತ್ತಲೇ ಇದ್ದರು. ಕೊರಟಗೆರೆ ದಾಟಿದರೂ ಉತ್ತರವಿಲ್ಲ. "ಇನ್ನೊಂದು ಪೆಟ್ಟು ಬಿದ್ದಿದ್ದರೆ ಈ ಪ್ರಶ್ನೆಯೂ ಬೇಕಿರಲಿಲ್ಲ," ಎಂದರಷ್ಟೆ. ಬೈದಿದ್ದರೆ ಚೆನ್ನಾಗಿತ್ತು.

ಮೂರನೆಯ ದಿನ ಕರಿಯಣ್ಣ ಕಣ್ಣು ಬಿಟ್ಟ. "ಯಾರ್ ಗೆದ್ರು ಸಾ?" ಎಂದ. ಪಂದ್ಯ ಅಲ್ಲಿಗೇ ನಿಂತಿತೆಂದೆ. ಐದು ನಿಮಿಷ ಬಿಟ್ಟು ಮತ್ತೆ ಕೇಳಿದ. ಬದುಕಿದ, ಕುರಿಯನ್ನೂ ಕಾಯುತ್ತಿದ್ದಾನೆ. ಆ ದಿನ ಮಾತ್ರ ಅವನಿಗೆ ನೆನಪಿಲ್ಲ. ಅವನ ಪಾಲಿನದನ್ನೂ ನಾನೇ ನೆನೆಯುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಅಡುಗೆಮನೆಯ ಬಾಗಿಲು ಮತ್ತೆ ಹಣೆಗೆ ಬಡಿಯಿತು. ಕುಳಿತೆ. ಹೆಂಡತಿ ಸೌಟು ಹಿಡಿದುಕೊಂಡೇ ಬಂದು ಎದುರು ಕೂತಳು.

"ಯಾವೂರು ರೀ ಇದು?"

"ಮಧುಗಿರಿ," ಎಂದೆ. ನಾನೂ ನಗಲಿಲ್ಲ, ಅವಳೂ ನಗಲಿಲ್ಲ.