ಬಸವಲಿಂಗಮ್ಮನ ಅಂಟುವಾಳದ ಮರ

ಸಾರಕ್ಕಿಯ ನಮ್ಮ ಬೀದಿಯಲ್ಲಿ ರೇಷ್ಮೆ ಸೀರೆ ಒಗೆಯುವುದೆಂದರೆ ಪಕ್ಕದ ಮನೆಯ ಬಸವಲಿಂಗಮ್ಮನೇ. ಜಯನಗರದಿಂದಲೂ ಆಟೋದಲ್ಲಿ ಸೀರೆಗಳು ಬರುತ್ತಿದ್ದವು. ಅವಳ ಹಿತ್ತಲಲ್ಲಿ ಅತ್ತೆ ನೆಟ್ಟ ಅಂಟುವಾಳದ ಮರವಿತ್ತು. ಬೇಸಿಗೆಯ ಹೊತ್ತಿಗೆ ಹಣ್ಣು ಮೂರು ಮೂರು ಅಂಟಿಕೊಂಡೇ ಉದುರುತ್ತಿದ್ದವು. ಒಣಗಿಸಿ, ಕರೀ ಬೀಜ ತೆಗೆದು, ಸಿಪ್ಪೆ ನೆನೆಹಾಕಿ ಕಿವುಚಿದರೆ ಮಜ್ಜಿಗೆ ಕಡೆದ ಹಾಗೆ ನೊರೆ. ಅದರಲ್ಲಿ ಸೀರೆ ಅದ್ದಿ, ಹಿಂಡದೆ, ನೆರಳಲ್ಲಿ ಹರವುತ್ತಿದ್ದಳು. ಗಂಡ ಹೋದ ಮೇಲೆ ಮಗಳು ಅಂಜನಾಳನ್ನು ಓದಿಸಿದ್ದು, ಮದುವೆ ಮಾಡಿದ್ದು ಎಲ್ಲ ಆ ಮರದಿಂದಲೇ.

ಕಷ್ಟವೆಂದರೆ ಮಣ್ಣು. ಹಣ್ಣು ಅಂಟಂಟು, ಬಿದ್ದದ್ದಕ್ಕೆಲ್ಲ ಮಣ್ಣು ಮೆತ್ತಿಕೊಳ್ಳುತ್ತಿತ್ತು. ಒಮ್ಮೆ ಯಾರದೋ ಬಿಳಿ ರೇಷ್ಮೆಗೆ ಕಲೆಯಾಯಿತು. ಮಂಡಿ ನೋವು ಬೇರೆ, ಬಗ್ಗಿ ಆರಿಸಲು ಆಗುತ್ತಿರಲಿಲ್ಲ. ಗಾರೆ ಕೆಲಸದ ಸೇತುರಾಮನನ್ನು ಕರೆಸಿದಳು.

“ಬುಡದ ತನಕ ಸಿಮೆಂಟ್ ಹಾಕ್ಬಿಡಪ್ಪ. ಪೊರಕೇಲಿ ಗುಡಿಸ್ಕೊಂಡ್ರೆ ಆಯ್ತು.”

“ಬುಡದ ಸುತ್ತ ಒಂಚೂರು ಬಿಡ್ಲೇನಕ್ಕಾ?”

“ಜಾಸ್ತಿ ಬೀಳೋದೇ ಅಲ್ಲಿ. ಪೂರ್ತಿ ಹಾಕು.”

“ಸರಿ ಬಿಡಿ, ಮರಕ್ಕೂ ಚಪ್ಪಲಿ ಹಾಕಿಸ್ತಿದ್ದೀರ” ಎಂದು ಅವನು ನಕ್ಕ. ನಾವೂ ನಕ್ಕೆವು.

ಮರುವರ್ಷ ಕೊಂಬೆ ಬಾಗುವಷ್ಟು ಕಾಯಿ. “ನೋಡಿ ಮೀನಾಕ್ಷಕ್ಕಾ, ಒಂದಕ್ಕೂ ಮಣ್ಣಿಲ್ಲ!” ಎಂದು ನನಗೂ ಒಂದು ಮೊರ ತುಂಬ ಕೊಟ್ಟಳು. ಮರ ಸಾಯುವ ಮುಂಚೆ ಹಾಗೆ ಸುರಿಸುವುದುಂಟು ಎಂದು ನಮ್ಮಿಬ್ಬರಿಗೂ ತಿಳಿದಿರಲಿಲ್ಲ. ಅದರ ಮುಂದಿನ ವರ್ಷ ಎಲೆ ಹಳದಿಯಾಗಿ ಉದುರಿತು, ಚಿಗುರು ಬರಲಿಲ್ಲ. ಕೊಡಗಟ್ಟಲೆ ನೀರು ಹುಯ್ದಳು. ನೀರು ಸಿಮೆಂಟಿನ ಮೇಲೆ ಹರಿದು ಮೋರಿ ಸೇರುವುದನ್ನು ನೋಡುತ್ತ ನಿಂತಳು. ಆಮೇಲೆ ತಾನೇ ಹಾರೆ ತಂದು ಒಡೆಯಲು ಕೂತಳು. ಕೆಳಗಿನ ಮಣ್ಣು ಬೂದಿಯ ಹಾಗಿತ್ತು. ಬೇರು ಮುಟ್ಟಿದರೆ ಲಟಕ್ಕನೆ ಮುರಿಯುತ್ತಿತ್ತು.

ಸುದ್ದಿ ಕೇಳಿ ಅಂಜನಾ ಬಂದಳು. “ಬೇರೆ ಗಿಡ ಹಾಕೋಣ ಬಿಡಮ್ಮ.”

“ಆ ಗಟ್ಟಿ ಬೀಜ ಮೊಳೆಯೋದಕ್ಕೇ ತಿಂಗಳುಗಟ್ಲೆ ಬೇಕು ಕಣೇ. ಕಾಯಿ ಬಿಡೋಕೆ ಎಂಟು ಹತ್ತು ವರ್ಷ. ಅಲ್ಲೀವರ್ಗೂ ಜನ ಸೀರೆ ಉಡ್ದೆ ಕೂತಿರ್ತಾರಾ?”

ಅಂಗಡಿಯ ಕಾಯಿ ತಂದೂ ನೋಡಿದಳು. ಕೊಂಡು ಒಗೆದರೆ ಕೈಗೆ ಏನೂ ಉಳಿಯುವುದಿಲ್ಲ.

ಮರ ಕಡಿಸಿದ ವಾರ ಜಯನಗರದ ಹಳೇ ಗಿರಾಕಿ ಜಯಾ ತಮ್ಮ ಧಾರೆ ಸೀರೆ ತಂದರು.

“ಮರ ಹೋಯ್ತು, ಒಗೆಯೋದು ಬಿಟ್ಬಿಟ್ಟೆ ಮೇಡಂ. ಡ್ರೈಕ್ಲೀನ್‌ಗೆ ಕೊಡಿ.”

“ಅಯ್ಯೋ, ಮರಕ್ಕೆ ಏನಾಯ್ತು? ಹುಳ ಹಿಡೀತಾ?”

“ಹುಳ ಅಲ್ಲ. ನಾನೇ ಉಸಿರು ಕಟ್ಟಿಸ್ದೆ.”

ಜಯಾ ಸೀರೆಯನ್ನು ಚೀಲಕ್ಕೆ ಹಾಕಿಕೊಂಡು ಹೋದರು.

ಈಗ ಬಸವಲಿಂಗಮ್ಮ ಕುಮಾರಸ್ವಾಮಿ ಲೇಔಟಿನ ಒಂದು ಡ್ರೈಕ್ಲೀನ್ ಅಂಗಡಿಯಲ್ಲಿ ಸೀರೆ ಮಡಿಸುವ ಕೆಲಸಕ್ಕೆ ಹೋಗುತ್ತಾಳೆ. ತಾನು ಒಗೆಯುತ್ತಿದ್ದ ಸೀರೆಗಳೂ ಅಲ್ಲಿಗೆ ಬರುತ್ತಿರಬಹುದು. ಯಾರ ಸೀರೆ ಎಂದು ಕೇಳುವುದಿಲ್ಲ.