ನೀರು ಕುಡಿದು ತಡಕೊಂಡು ಹೋಗ್ರಿ

"ಬೆಳಿಗ್ಗೆ ಎದ್ದಾಗಿಂದ ನೀರು ಕುಡೀರಿ. ಒಂದಕ್ಕ ಮಾತ್ರ ಹೋಗಬ್ಯಾಡ್ರಿ. ತಡಕೊಂಡು ಹೋಗ್ರಿ" ಅಂದರು ಡಾಕ್ಟರಮ್ಮ, ಚೀಟಿ ಬರೆಯುತ್ತ, ತಲೆ ಎತ್ತದೆ. ನನ್ನ ಗಂಡ ಪಕ್ಕದ ಕುರ್ಚಿಯಲ್ಲಿ ಕೂತು, ತಮಗೇ ಹೇಳಿದಂತೆ ಗೋಣು ಆಡಿಸುತ್ತಿದ್ದರು.

"ಡಾಕ್ಟರಮ್ಮಾ, ನನಗ..." ಅಂದೆ.

"ಏನು?"

ಗಂಡ ನನ್ನ ಕಡೆ ತಿರುಗಿದರು. "ಏನಿಲ್ರಿ" ಅಂದುಬಿಟ್ಟೆ. ಅಷ್ಟರಲ್ಲಿ ಡಾಕ್ಟರಮ್ಮ ಬಾಗಿಲ ಕಡೆ ನೋಡಿ ಮುಂದಿನವರನ್ನು ಕರೆದಾಗಿತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಮುಟ್ಟಿನಲ್ಲಿ ಮೈಯೆಲ್ಲ ಬತ್ತಿಹೋಗುವಷ್ಟು ರಕ್ತ ಹೋಗುತ್ತಿತ್ತು, ಕಿಬ್ಬೊಟ್ಟೆ ಹಿಡಿದು ಜಗ್ಗಿದಂತೆ ನೋವು. ಸ್ಕ್ಯಾನಿಂಗ್ ಮಿಷನ್ನು ನಮ್ಮ ಆದವಾನಿಗೆ ಇನ್ನೂ ಬಂದಿರಲಿಲ್ಲ, ಕರ್ನೂಲಿಗೆ ಹೋಗಬೇಕಿತ್ತು. ಉಚ್ಚೆ ತುಂಬಿಕೊಂಡಿದ್ದರೇ ಅದರಲ್ಲಿ ಗರ್ಭಕೋಶ ಕಾಣುವುದಂತೆ. ಹೊಟ್ಟೆ ಕೊಯ್ಯದೆ ಒಳಗಿನದೆಲ್ಲ ಟೀವಿಯಲ್ಲಿ ಕಾಣುತ್ತದಂತೆ ಎಂದು ಮನೆಯಲ್ಲಿ ಎಲ್ಲರಿಗೂ ಸೋಜಿಗ. ನನಗೆ ಅದೊಂದೇ ಮಾತು ಕಿವಿಯಲ್ಲಿ: ತಡಕೊಂಡು ಹೋಗ್ರಿ.

ನನಗೆ ತಡಕೊಳ್ಳಲಿಕ್ಕೆ ಆಗುತ್ತಿರಲಿಲ್ಲ. ಮೂರನೆಯ ಹೆರಿಗೆ ಬಹಳ ಕಷ್ಟದ್ದು. ಆವತ್ತಿನಿಂದ ಕೆಮ್ಮಿದರೆ, ಸೀನಿದರೆ, ತುಂಬಿದ ಕೊಡ ಎತ್ತಿದರೆ, ಜೋರಾಗಿ ನಕ್ಕರೆ ಉಚ್ಚೆ ಹೋಗಿಬಿಡುತ್ತಿತ್ತು. ಉಚ್ಚೆ ಅಂತಲೇ ಬರೆಯುತ್ತೇನೆ. ಇಷ್ಟು ವರ್ಷ ಅದಕ್ಕೆ ನಾಜೂಕಿನ ಹೆಸರು ಹುಡುಕಿ ಹುಡುಕಿ ಬಚ್ಚಿಟ್ಟದ್ದು ಸಾಕು.

ನಮ್ಮದು ಹತ್ತಿ ವ್ಯಾಪಾರದ ಮನೆ. ಗಂಡಸರು ಮಂಡಿಯಿಂದ ಸ್ಯಾಂಪಲ್ ಹತ್ತಿಯನ್ನು ಪೇಪರಿನಲ್ಲಿ ಸುತ್ತಿ ತರುತ್ತಿದ್ದರು. ಪಡಸಾಲೆಯಲ್ಲಿ ಕೂತು ಎಳೆ ಎಳೆದು ನೋಡಿ, ಒಳ್ಳೆಯದು ಕೆಟ್ಟದ್ದು ಅಂತ ಮಾತಾಡಿ, ಅಲ್ಲೇ ಬಿಟ್ಟು ಏಳುತ್ತಿದ್ದರು. ಅದರಲ್ಲಿ ಒಂದಿಷ್ಟು ದೇವರ ಬತ್ತಿಗೆ, ಒಂದಿಷ್ಟು ನನಗೆ. ಹಳೆಯ ಸೀರೆಯ ತುಂಡಿನಲ್ಲಿ ಮಡಿಸಿ ಇಟ್ಟುಕೊಂಡು ಓಡಾಡುತ್ತಿದ್ದೆ. ಆ ತುಂಡುಗಳನ್ನು ಒಗೆದು, ಹಿತ್ತಲಿನಲ್ಲಿ ಬೇರೆ ಬಟ್ಟೆಯ ಕೆಳಗೆ ಮುಚ್ಚಿ ಒಣಗಿಸುತ್ತಿದ್ದೆ. ಮನೆ ತುಂಬ ಜನ, ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ.

ಕರ್ನೂಲಿಗೆ ಹೋಗುವ ಮುಂಚೆ ಮನೆಯಲ್ಲೇ ಒಮ್ಮೆ ಪರೀಕ್ಷೆ ಮಾಡಿ ನೋಡಿದೆ. ಗಂಡಸರೆಲ್ಲ ಮಂಡಿಗೆ ಹೋದ ಮೇಲೆ ಒಂದು ತಂಬಿಗೆ ನೀರು ಗಟಗಟ ಕುಡಿದು, ಹಿತ್ತಲಿನಲ್ಲಿ ಹಿಂದಕ್ಕೂ ಮುಂದಕ್ಕೂ ಅಡ್ಡಾಡತೊಡಗಿದೆ. ಸ್ವಲ್ಪ ಹೊತ್ತು ಚೆನ್ನಾಗೇ ಇತ್ತು. ಆಮೇಲೆ ಹೊಟ್ಟೆ ಬಿಗಿಯಿತು. ತೊಡೆ ಕೂಡಿಸಿ ಗೋಡೆಗೆ ಆತು ನಿಂತೆ. ಪಕ್ಕದ ಮನೆಯ ಒಗ್ಗರಣೆಯ ಮೆಣಸಿನಕಾಯಿ ಘಾಟು ಬಂದು ಸೀನಿದ್ದೇ ತಡ, ಎಲ್ಲ ಮುಗಿದೇ ಹೋಯಿತು. ಕಲ್ಲುಹಾಸಿನ ಮೇಲೆ ನೀರು ಹರಿಯುವಾಗ ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಎಷ್ಟು ದಿನದಿಂದ ಐತಿ?" ಅಂದರು.

"ಸಣ್ಣಾಕಿ ಹುಟ್ಟಿದಾಗಿಂದ ಐತ್ರಿ."

"ನನಗೂ ಐತಿ. ನಿನ್ನ ಗಂಡ ಹುಟ್ಟಿದಾಗಿಂದ. ನಾನು ಯಾರ ಮುಂದನಾರ ಬಾಯಿ ಬಿಟ್ಟೀನೇನು? ಹೆಂಗಸರಂದ ಮ್ಯಾಲೆ ಇವೆಲ್ಲಾ ಇರ್ತಾವ."

ಅವರು ಹೇಳಿದ್ದು ಸಮಾಧಾನಕ್ಕೆ. ನನಗೆ ಮಾತ್ರ ಮೈ ಉರಿಯಿತು. ಒಂದೇ ಸೂರಿನ ಕೆಳಗೆ ಇಬ್ಬರು ಹೆಂಗಸರು, ಒಂದೇ ಕಷ್ಟ, ಒಬ್ಬರಿಗೊಬ್ಬರು ಹೇಳದೆ ಅದೇ ಹಿತ್ತಲಿನಲ್ಲಿ ಬಟ್ಟೆಯ ಕೆಳಗೆ ಬಟ್ಟೆ ಮುಚ್ಚಿ ಒಣಗಿಸಿಕೊಂಡಿದ್ದೆವು. ಅದನ್ನೂ ಒಂದು ಮರ್ಯಾದೆ ಎನ್ನುವಂತೆ ಅವರು ಹೇಳುತ್ತಿದ್ದರು.

ಹೋಗುವ ದಿನ ನಾನು ಒಂದು ಲೆಕ್ಕ ಹಾಕಿಕೊಂಡಿದ್ದೆ. ಮನೆಯಲ್ಲೂ ಬಸ್ಸಿನಲ್ಲೂ ಒಂದು ಹನಿ ಕುಡಿಯಬಾರದು, ಕರ್ನೂಲು ಮುಟ್ಟಿದ ಮೇಲೆ, ಇನ್ನೇನು ಒಳಗೆ ಕರೆಯುತ್ತಾರೆ ಅನ್ನುವಾಗ ಕುಡಿಯಬೇಕು. ಗಂಡ ಒಂದು ಪ್ಲಾಸ್ಟಿಕ್ ಕ್ಯಾನಿನ ತುಂಬ ನೀರು ಹಿಡಿದುಕೊಂಡು ಬಸ್ ಹತ್ತಿದರು. ಎಮ್ಮಿಗನೂರು ದಾಟುವ ಮೊದಲೇ ಶುರು ಮಾಡಿದರು.

"ಕುಡಿ. ಡಾಕ್ಟರಮ್ಮ ಬೆಳಿಗ್ಗೆ ಎದ್ದಾಗಿಂದ ಅಂದಾಳ."

ದನಿ ತಗ್ಗಿಸಿ ಹೇಳಿದೆ. "ನನಗ ತಡಿಯಾಕ ಆಗಂಗಿಲ್ರಿ. ಬಹಳ ವರ್ಷ ಆತು. ಹೇಳಿರಲಿಲ್ಲ."

ಕಿಟಕಿಯಾಚೆ ನೋಡುತ್ತ ಅವರೆಂದರು: "ಒಂದು ದಿನ ತಡಕೋ. ಅದೇನು ದೊಡ್ಡದು? ಮಿಷನ್ಯಾಗ ಕಾಣಲಿಲ್ಲಂದ್ರ ಮತ್ತ ಬರಬೇಕಾಗತೈತಿ. ಮಂಡಿ ಬಿಟ್ಟು ಬಂದೀನಿ."

ಕೋಡುಮೂರಿನಲ್ಲಿ ಬಸ್ ನಿಂತಿತು. ಗಂಡಸರೆಲ್ಲ ಇಳಿದರು. ನನ್ನ ಗಂಡನೂ ಇಳಿದು, ಗೋಡೆಗೆ ಮುಖ ಮಾಡಿದ ಸಾಲಿನಲ್ಲಿ ತಾವೂ ನಿಂತು, ಹಗುರಾಗಿ, ಟವೆಲಿಗೆ ಕೈ ಒರೆಸಿಕೊಂಡು ಬಂದರು. ಬಂದವರೇ ಕ್ಯಾನಿನ ಮುಚ್ಚಳ ತಿರುವಿ ನನ್ನ ಮುಂದೆ ಹಿಡಿದರು. "ಕುಡಿ."

ಕುಡಿದೆ. ಬಸ್ಸಿನಲ್ಲಿ ಜಗಳ ಬೇಡವೆಂದು ಕುಡಿದೆ. ಇವತ್ತಿಗೂ ಆ ಗೋಡೆ, ಆ ಟವೆಲು ನೆನಪಾದರೆ ಹಲ್ಲು ಕಚ್ಚುತ್ತೇನೆ.

ಕರ್ನೂಲಿನ ಆ ಸ್ಕ್ಯಾನಿಂಗ್ ಸೆಂಟರ್ ಒಂದು ಹಳೆಯ ಮನೆ. ಮುಂದಿನ ಪಡಸಾಲೆಯಲ್ಲಿ ಗೋಡೆಗೆ ಬೆಂಚುಗಳು, ಬೆಂಚಿನ ತುಂಬ ಹೆಂಗಸರು. ಕಾಲ ಮೇಲೆ ಕಾಲು ಹೆಣೆದುಕೊಂಡವರು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಮುಂದಕ್ಕೆ ಬಾಗಿದವರು. ನಡುವೆ ಚೀಟಿ ಹಿಡಿದು ಓಡಾಡುತ್ತಿದ್ದ ಆಯಾ ಒಬ್ಬಳೇ ಜೋರಾಗಿ ಮಾತಾಡುತ್ತಿದ್ದಳು. ನನ್ನನ್ನು ನೋಡಿ, "ನೀಳ್ಳು ತಾಗಿನಾವಾ?" ಅಂದಳು. ಕುಡಿದೀನಿ ಅಂದೆ. "ಕೂರ್ಚೋ. ಡಾಕ್ಟರುಗಾರು ಇಂಕಾ ರಾಲೇದು."

ಡಾಕ್ಟರು ಇನ್ನೂ ಬಂದಿಲ್ಲ! ಇಷ್ಟು ಹೆಂಗಸರ ಹೊಟ್ಟೆ ತುಂಬಿಸಿ ಸಾಲಾಗಿ ಕೂರಿಸಿ, ನೋಡಬೇಕಾದವನು ಮನೆಯಿಂದಲೇ ಹೊರಟಿಲ್ಲ.

ಪಕ್ಕದಲ್ಲಿ ಕೂತಿದ್ದವಳು ಕೋಸಗಿ ಕಡೆಯ ಹುಡುಗಿ, ತುಂಬು ಬಸುರಿ. ದುಡಿಯಲಿಕ್ಕೆ ಊರು ಬಿಟ್ಟು ಹೋಗಿದ್ದವಳು ಹೆರಿಗೆಗೆಂದು ವಾಪಸು ಬಂದಿದ್ದಳಂತೆ. ಜೊತೆಗೆ ಬಂದ ಗಂಡ ಹೊರಗೆ ಮರದಡಿ ಬೀಡಿ ಸೇದುತ್ತಿದ್ದ. ಅವಳ ಕಣ್ಣಲ್ಲಿ ನೀರು ತುಂಬಿತ್ತು.

"ಅಕ್ಕಾ, ನನ್ನ ಕೈಲಿ ಆಗವಲ್ದು" ಅಂದಳು. "ಕೇಳಿದೆ. ಬೀಗ ಹಾಕ್ಯಾರಂತ."

"ಯಾವುದಕ್ಕ ಬೀಗ?"

ಅವಳು ಪಡಸಾಲೆಯ ಮೂಲೆಗೆ ಕಣ್ಣು ತೋರಿಸಿದಳು. ಪಾಯಿಖಾನೆಯ ಬಾಗಿಲು. ಅದರ ಚಿಲಕಕ್ಕೆ ಅಂಗಡಿಗೆ ಹಾಕುವಂಥ ದಪ್ಪ ಬೀಗ. ಹೆಂಗಸರು ಕದ್ದು ಹೋಗಿ ಹೊಟ್ಟೆ ಖಾಲಿ ಮಾಡಿಕೊಳ್ಳಬಾರದು ಅಂತ! ಕೀಲಿಕೈ ಆಯಾಳ ಸೊಂಟದಲ್ಲಿತ್ತು.

ನಾನು ಎದ್ದು ಹೋಗಿ ಕೇಳಿದೆ. ಮೊದಲು ಮೆಲ್ಲಗೇ ಕೇಳಿದೆ. "ಆ ಹುಡುಗಿಗೆ ಆಗವಲ್ದಂತ. ನನಗೂ ಕಷ್ಟ ಐತಿ. ಕೀಲಿ ಕೊಡಮ್ಮ." ಅವಳು ತೆಲುಗಿನಲ್ಲಿ, ಎಲ್ಲರಿಗೂ ಕೇಳುವಂತೆ, ಹೋದರೆ ಮತ್ತೆ ಕುಡಿಯಬೇಕು, ಮತ್ತೆ ಎಲ್ಲರ ಹಿಂದೆ ಕೂರಬೇಕು, ಇಷ್ಟವಿದ್ದರೆ ಹೇಳು ಅಂದಳು. ವಾಪಸು ಬಂದು ಕೂತೆ. ಕೂರುವಾಗ ಕೆಮ್ಮು ಬಂತು. ಬಾಯಿಗೆ ಸೆರಗು ಒತ್ತಿಕೊಂಡೆ. ಮತ್ತೊಂದು ಕೆಮ್ಮು.

ಹತ್ತಿ, ಬಟ್ಟೆ, ಯಾವುದೂ ನಿಲ್ಲಿಸಲಿಲ್ಲ. ಲಂಗ ತೊಯ್ದು, ಸೀರೆ ತೊಯ್ದು, ಬೆಂಚಿನಿಂದ ಕೆಳಗೆ ಹನಿಯಿತು. ಆಯಾ ಅಲ್ಲಿಂದಲೇ ನೋಡಿದಳು.

"ಸಿಗ್ಗು ಲೇದಾ? ಚಿನ್ನಪಿಲ್ಲವಾ ನುವ್ವು?"

ನಾಚಿಕೆ ಇಲ್ಲವಾ, ಚಿಕ್ಕ ಮಗುವಾ ನೀನು ಅಂತ ಕೇಳಿದಳು. ಎಲ್ಲರ ತಲೆಯೂ ತಿರುಗಿತು. ನಾನು ಗಂಡನನ್ನು ಹುಡುಕಿದೆ. ಅವರು ಬಾಗಿಲಲ್ಲೇ ಇದ್ದರು. ನನ್ನನ್ನು ನೋಡಿದರು, ನೆಲ ನೋಡಿದರು, ಆಮೇಲೆ ಗೋಡೆಯ ಕ್ಯಾಲೆಂಡರ್ ಓದುವವರಂತೆ ಅತ್ತ ತಿರುಗಿ ನಿಂತರು.

ಅಳು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಅಂಗಾಲಿನಿಂದ ಏನೋ ಏರಿ ಬಂದಂತೆ ಸಿಟ್ಟು ಬಂತು. ತೊಯ್ದ ಸೀರೆಯಲ್ಲೇ ಎದ್ದು ನಿಂತೆ. ಕನ್ನಡವೋ ತೆಲುಗೋ, ಯಾವುದು ಬಾಯಿಗೆ ಬಂತೋ ಅದರಲ್ಲಿ ಕೂಗಿದೆ.

"ಸಿಗ್ಗು ನನಗ್ಯಾಕ? ಮೂರು ಹಡದೀನಿ, ಅದಕ್ಕ ಹಿಂಗಾಗೇತಿ! ಉಚ್ಚಿಗೆ ಬೀಗ ಹಾಕ್ತೀರಲ್ಲ, ಸಿಗ್ಗು ನಿಮಗಿರಬೇಕು! ಡಾಕ್ಟರು ಎಲ್ಲಿ? ಎಷ್ಟು ಹೊತ್ತು ಕೂಡಸ್ತೀರಿ? ತೆಗಿ ಆ ಬೀಗ! ಆ ಹುಡುಗಿ ಮುಖ ನೋಡು, ಹೊಟ್ಯಾಗ ಕೂಸು ಐತಿ! ತೆಗೀತೀಯೋ, ಕಲ್ಲು ತಂದು ಒಡೀಲೋ?"

ಆಯಾ ಹಿಂದೆ ಸರಿದಳು. ಅಲ್ಲಿಯವರೆಗೆ ಉಸಿರು ಬಿಗಿಹಿಡಿದು ಕೂತಿದ್ದ ಬೆಂಚಿನಿಂದ ಮತ್ತೊಬ್ಬಾಕೆ, ಬುರ್ಖಾದ ಮುದುಕಿ, "ಖೋಲೋ ನಾ!" ಎಂದು ಗದರಿದರು. ಆಮೇಲೆ ಎಲ್ಲರೂ ಒಟ್ಟಿಗೆ ಶುರು ಮಾಡಿದರು. ಆಯಾ ಕೀಲಿ ತೆಗೆದು ನನ್ನ ಕೈಗೆ ಕೊಡಲಿಲ್ಲ, ತಾನೇ ಹೋಗಿ ಬಾಗಿಲು ತೆಗೆದಳು. ಕೋಸಗಿಯ ಹುಡುಗಿಯನ್ನು ಮೊದಲು ಕಳಿಸಿದೆವು.

ಈ ಗದ್ದಲದಲ್ಲೇ ಡಾಕ್ಟರು ಸ್ಕೂಟರಿನಲ್ಲಿ ಬಂದು ಇಳಿದರು. ಏನು ಗಲಾಟೆ ಅಂತ ಆಯಾಳನ್ನು ಕೇಳಿದರು. ಆಕೆ ನನ್ನನ್ನು ತೋರಿಸಿದಳು. ಒಳಗೆ ಕರೆದು, ಬಾಗಿಲು ಹಾಕಿ, ತೆಲುಗಿನಲ್ಲಿ, ಬೇಸರದಿಂದಲೇ ಕೇಳಿದರು: ಹೊಟ್ಟೆ ಒಡೆಯುವಷ್ಟು ತುಂಬಿಸಿಕೊಂಡು ಬಾ ಅಂತ ಯಾರು ಹೇಳಿದರು? ಹೀಗಿದೆ ಅಂತ ಮೊದಲೇ ತಿಳಿಸಿದ್ದರೆ, ಇಲ್ಲಿಗೆ ಬಂದ ಮೇಲೆ ಎರಡು ಲೋಟ ಕುಡಿದು ಮಂಚದ ಮೇಲೆ ಮಲಗಿದ್ದರೆ ಸಾಕಿತ್ತು. ಅರ್ಧ ತುಂಬಿದ್ದರೂ ನೋಡಬಹುದು.

"ಯಾರು ಕೇಳಿದ್ರು ನನ್ನನ್ನ?" ಅಂದೆ.

ಅವರು ಮಂಚದ ಮೇಲೆ ರಬ್ಬರ್ ಶೀಟು ಹಾಸಿಸಿದರು. ನೀರು ಕೊಟ್ಟರು. ಒಂದಿಷ್ಟು ಹೊತ್ತು ಹಾಗೇ ಮಲಗಿಸಿ, ಹೊಟ್ಟೆಗೆ ತಣ್ಣಗಿನ ಅಂಟು ಹಚ್ಚಿ, ಮಿಷನ್ನಿನ ಹಿಡಿಕೆ ಒತ್ತಿದರು. ಒತ್ತಿದಾಗ ಸ್ವಲ್ಪ ಹೋಯಿತು. "ಪರವಾಲೇದು" ಅಂದರು. ಟೀವಿಯಲ್ಲಿ ನನಗೆ ಬರೀ ಬೂದು ಬಣ್ಣ ಕಂಡಿತು. ಗರ್ಭಕೋಶದಲ್ಲಿ ಸಣ್ಣ ಗಡ್ಡೆ ಇದೆ, ಹೆದರುವಂಥದ್ದಲ್ಲ, ಮಾತ್ರೆಯಲ್ಲಿ ನೋಡೋಣ, ಮತ್ತೊಮ್ಮೆ ಸ್ಕ್ಯಾನ್ ಮಾಡಿಸಬೇಕು ಅಂದರು. ಅಷ್ಟೇ. ಆ ಅಷ್ಟಕ್ಕೆ ಅಷ್ಟೆಲ್ಲ.

ಹೊರಗೆ ಬಂದಾಗ ಕೋಸಗಿಯ ಹುಡುಗಿ ಮತ್ತೆ ನೀರು ಕುಡಿಯುತ್ತ ಕೂತಿದ್ದಳು. ನನ್ನನ್ನು ನೋಡಿ ನಕ್ಕಳು. ಸೀರೆಯ ತೊಯ್ದ ಭಾಗ ಮರೆಯಾಗಲೆಂದು ತನ್ನ ಹೆಗಲ ಟವೆಲು ಕೊಟ್ಟಳು. ಬೇಡವೆಂದರೂ ಕೇಳಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಗಂಡ ಅಂದರು: "ಅಷ್ಟು ಒದರಬಾರದಾಗಿತ್ತು. ನಮ್ಮ ಮಂಡಿಗೆ ಬರೋರು ಯಾರಾರ ಅಲ್ಲಿ ಇದ್ದಿದ್ರ?"

"ಇದ್ದಿದ್ರ ನೀವು ಕ್ಯಾಲೆಂಡರ್ ಓದ್ತಿದ್ರಿ" ಅಂದೆ.

ಆಮೇಲೆ ಒಂದು ವಾರ ಮನೆಯಲ್ಲಿ ಮಾತು ಅಷ್ಟಕ್ಕಷ್ಟೇ. ಅವರು ಕೆಟ್ಟ ಮನುಷ್ಯರಲ್ಲ. ಹೊಡೆದವರಲ್ಲ, ಕುಡಿದವರಲ್ಲ, ನನಗೆ ಜ್ವರ ಬಂದರೆ ರಾತ್ರಿ ಎದ್ದು ಕೂರುವವರು. ಆದರೆ ಆವತ್ತು ಆ ಪಡಸಾಲೆಯಲ್ಲಿ ನನ್ನ ಪಕ್ಕ ಬಂದು ನಿಲ್ಲಲಿಕ್ಕೆ ಬೇಕಾಗಿದ್ದದ್ದು ನಾಲ್ಕು ಹೆಜ್ಜೆ. ಅವರಿಂದ ಆಗಲಿಲ್ಲ. ಅದನ್ನು ಅವರಿಗೂ ಹೇಳಿದ್ದೇನೆ, ಒಂದಲ್ಲ ಹಲವು ಸಲ.

ನಮ್ಮ ಡಾಕ್ಟರಮ್ಮನ ಹತ್ತಿರ ಮತ್ತೆ ಹೋದಾಗ ಗಂಡನನ್ನು ಹೊರಗೆ ಕೂರಿಸಿ ಒಳಗೆ ಒಬ್ಬಳೇ ಹೋದೆ. ಎಲ್ಲ ಹೇಳಿದೆ. "ಮೊದಲ ಹೇಳಬಾರದಾಗಿತ್ತೇನ್ರೀ?" ಅಂದರು ಅವರೂ. ನಾನು ಹೇಳಿದೆ: "ನೀವು ಹೆಂಗಸರು. ಹಡೆದವರನ್ನ ದಿನಾ ನೋಡ್ತೀರಿ. ತಡಕೊಂಡು ಹೋಗ್ರಿ ಅನ್ನೋದಕ್ಕಿಂತ ಮುಂಚೆ, ತಡಿಯಾಕ ಆಗತೈತೇನು ಅಂತ ನೀವು ಕೇಳಬೇಕಿತ್ತು." ಅವರ ಮುಖ ಕೆಂಪಾಯಿತು. ಸಿಟ್ಟಾದರೋ ಏನೋ. ಆದರೂ ಕೂರಿಸಿ, ಕೆಳಗಿನ ಮಾಂಸವನ್ನು ಬಿಗಿದು ಬಿಡುವ ಅಭ್ಯಾಸ ಹೇಳಿಕೊಟ್ಟರು. ಅಡುಗೆ ಮಾಡುತ್ತ, ಪೂಜೆಗೆ ಕೂತಾಗ, ಎಲ್ಲಿ ಬೇಕಾದರೂ ಮಾಡಬಹುದು, ಯಾರಿಗೂ ಗೊತ್ತಾಗುವುದಿಲ್ಲ ಅಂದರು. ತಿಂಗಳುಗಟ್ಟಲೆ ಮಾಡಿದೆ. ಪೂರ್ತಿ ಹೋಗಲಿಲ್ಲ, ಅರ್ಧಕ್ಕರ್ಧ ಕಡಿಮೆಯಾಯಿತು. ಇಷ್ಟು ಸುಲಭದ್ದನ್ನು ಇಷ್ಟು ವರ್ಷ ಯಾರೂ ಹೇಳಿಕೊಟ್ಟಿರಲಿಲ್ಲ ಎಂದು ಮತ್ತಷ್ಟು ಸಿಟ್ಟು ಬಂತು. ಅತ್ತೆಗೂ ಹೇಳಿಕೊಟ್ಟೆ. "ಈ ವಯಸ್ಸಿನ್ಯಾಗ ಇದೇನು ಕಸರತ್ತು" ಅಂದು ಎದ್ದು ಹೋದರು. ಆಮೇಲೆ ಮಾಡಿದರೋ ಇಲ್ಲವೋ ನನಗೆ ಗೊತ್ತಿಲ್ಲ.

ಎರಡನೆಯ ಸ್ಕ್ಯಾನಿಗೆ ಪೆದ್ದಹರಿವಾಣಂನಲ್ಲಿದ್ದ ನನ್ನ ತಂಗಿಯನ್ನು ಕರೆದುಕೊಂಡು ಹೋದೆ. ಗಂಡ ಬರುತ್ತೇನೆ ಅಂದರು, ಬೇಡವೆಂದೆ. ಕರ್ನೂಲಿನವರೆಗೆ ಒಂದು ಹನಿ ಕುಡಿಯಲಿಲ್ಲ. ಅಲ್ಲಿ ಬೇರೆ ಆಯಾ ಇದ್ದಳು, ಬಾಗಿಲಿಗೆ ಬೀಗ ಮಾತ್ರ ಹಾಗೇ ಇತ್ತು. ಕೂರುವ ಮುಂಚೆಯೇ ಹೇಳಿದೆ: ನನಗೆ ಉಚ್ಚೆ ನಿಲ್ಲುವುದಿಲ್ಲ, ಡಾಕ್ಟರು ಬಂದ ಮೇಲೆ ಕುಡಿಯುತ್ತೇನೆ, ಮಲಗಲಿಕ್ಕೆ ಜಾಗ ಕೊಡು, ಆ ಬೀಗ ಈಗಲೇ ತೆಗೆ. ತಂಗಿ ನಾಚಿಕೆಯಿಂದ ನನ್ನ ಸೆರಗು ಜಗ್ಗಿದಳು. ಆಯಾ ನನ್ನನ್ನೊಮ್ಮೆ ದಿಟ್ಟಿಸಿ ನೋಡಿ, ಹೋಗಿ ಬೀಗ ತೆಗೆದಳು. ಬೆಂಚಿನಲ್ಲಿದ್ದ ಹೆಂಗಸರಲ್ಲಿ ಇಬ್ಬರು ತಕ್ಷಣ ಎದ್ದರು.

ಗಡ್ಡೆ ಬೆಳೆದಿರಲಿಲ್ಲ. ನಾವಿಬ್ಬರೂ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ದೋಸೆ ತಿಂದು, ಮಧ್ಯಾಹ್ನದ ಬಸ್ಸಿಗೆ ಊರಿಗೆ ಬಂದೆವು.