ಈವತ್ತು ಯಾರಮ್ಮ ಸಾಯೋದು?

ನನ್ನ ಮಾವನವರಿಗೆ ಬೆಳಗಿನ ಪೇಪರಿಗಿಂತ ನನ್ನ ಪಾಠದ ಮೇಲೆಯೇ ಹೆಚ್ಚು ಆಸೆ. ನಾನು ನಾಗರಬಾವಿಯ ಒಂದು ಡಿಗ್ರಿ ಕಾಲೇಜಿನಲ್ಲಿ ನಾಟಕ ಹೇಳಿಕೊಡುವವಳು. ನಮ್ಮ ಪಠ್ಯದ ಮೊದಲ ಭಾಗವೇ ಹಳೆಯ ಗ್ರೀಕರ ದುರಂತ ನಾಟಕಗಳು. ಆ ತಿಂಗಳುಗಳಲ್ಲಿ, ಬಸವೇಶ್ವರನಗರದ ನಮ್ಮ ಅಡುಗೆಮನೆಯಲ್ಲಿ ಒಂದು ಕೈಯಲ್ಲಿ ಸೌಟು ಹಿಡಿದುಕೊಂಡು ಆ ದಿನದ ಪಾಠವನ್ನು ಗೋಡೆಗೆ ಹೇಳುವುದು ನನ್ನ ಅಭ್ಯಾಸ. ಮಾವ ಅಲ್ಲೇ ಮೇಜಿನ ಹತ್ತಿರ ಅವರೆಕಾಯಿ ಸುಲಿಯುತ್ತಾ ಕೂತು, ಕನ್ನಡಕದ ಮೇಲಿನಿಂದ ನೋಡಿ ಕೇಳುತ್ತಿದ್ದರು.

"ಈವತ್ತು ಯಾರಮ್ಮ ಸಾಯೋದು?"

"ರಾಣಿ, ಮಾವ. ನೇಣು ಹಾಕ್ಕೋತಾಳೆ."

"ಅಯ್ಯೋ ಪಾಪ. ನಿನ್ನೆ ಅವಳ ಗಂಡ ಹೋದ, ಈವತ್ತು ಇವಳು. ಅಲ್ಲಮ್ಮ, ಆ ದೇಶದಲ್ಲಿ ಒಬ್ಬರಾದ್ರೂ ವಯಸ್ಸಾಗಿ, ಮಲಗಿದಲ್ಲೇ, ಮರ್ಯಾದೆಯಾಗಿ ಸಾಯಲ್ವಾ?"

ಅತ್ತೆ ಒಳಗಿನಿಂದ "ಬೆಳಗ್ಗೆ ಬೆಳಗ್ಗೆ ಇದೇನು ಅಪಶಕುನದ ಮಾತು ನಿಮ್ಮಿಬ್ಬರದು" ಎಂದು ಗದರುವರು. ಮಾವ ನಗುವರು. ನಾನೂ ನಗುತ್ತಿದ್ದೆ. ಆದರೆ ಸಾವಿನ ಮಾತು ಅವರ ಬಾಯಿಂದ ಬಂದಾಗಲೆಲ್ಲ ನನ್ನ ಎದೆ ಒಮ್ಮೆ ಧಸಕ್ಕೆನ್ನುತ್ತಿತ್ತು. ಅದಕ್ಕೆ ಕಾರಣ ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ನಾನು ಹುಟ್ಟಿದ್ದು ಮೂಲಾ ನಕ್ಷತ್ರದಲ್ಲಿ. ನನಗೆ ಗಂಡು ಹುಡುಕುತ್ತಿದ್ದ ಕಾಲದಲ್ಲಿ ಮದುವೆ ದಲ್ಲಾಳಿ ನಮ್ಮ ಜಗಲಿಯ ಮೇಲೆ ಕೂತು ಮಗ್ಗಿ ಹೇಳುವ ಹಾಗೆ ಹೇಳಿದ್ದ: ಮೂಲಾ ಮಾವನಿಗಾಗಲ್ಲ, ಆಶ್ಲೇಷ ಅತ್ತೆಗಾಗಲ್ಲ, ಜ್ಯೇಷ್ಠ ಭಾವನಿಗಾಗಲ್ಲ. ಆಗಲ್ಲ ಅಂದರೆ ಜಗಳವಾಗುತ್ತದೆ ಅಂತಲ್ಲ, ಜೀವಕ್ಕೇ ಆಗಲ್ಲ ಅಂತ. ನಕ್ಷತ್ರದ ಹೆಸರು ಕೇಳಿದ್ದೇ ತಡ, ಬಂದ ಸಂಬಂಧಗಳೆಲ್ಲ ಉಪ್ಪಿಟ್ಟು ಕಾಫಿ ಮುಗಿಸಿ ಎದ್ದು ಹೋದವು. ಕೊನೆಗೆ ದಲ್ಲಾಳಿ "ಮಾವ ಇಲ್ಲದ ಮನೆ ನೋಡಿಬಿಡಿ, ತೊಂದರೇನೇ ಇಲ್ಲ" ಅಂದ. ಎಲ್ಲೋ ಒಬ್ಬ ಗಂಡಸು ಮೊದಲೇ ಸತ್ತು ನನಗೆ ಉಪಕಾರ ಮಾಡಿರಬೇಕಿತ್ತು! ನಾನು ಕೈಯಲ್ಲಿದ್ದ ತಟ್ಟೆಯನ್ನು ಅವನ ಮುಂದೆ ಕುಕ್ಕಿ ಒಳಗೆ ಹೋದೆ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನಮ್ಮಮ್ಮ ಒಂದೇ ಸುಳ್ಳಿನಲ್ಲಿ ಮುಗಿಸಿದಳು. ಜೋಯಿಸರಿಗೆ ಹೇಳಿ ನಾನು ಹುಟ್ಟಿದ ಹೊತ್ತನ್ನು ಸ್ವಲ್ಪ ಮುಂದಕ್ಕೆ ತಳ್ಳಿಸಿದಳು. ಮೂಲಾ ಹೋಗಿ ಪಕ್ಕದ ಪೂರ್ವಾಷಾಢವಾಯಿತು. "ಎರಡೂ ಧನುರಾಶಿನೇ ಅಲ್ವೇನೇ, ಅರ್ಧ ನಿಜ ಹೇಳಿದ ಹಾಗಾಯ್ತು" ಅಂದಳು. ಮದುವೆಯ ದಿನ ನನ್ನನ್ನು ಕಾರು ಹತ್ತಿಸುವಾಗ ಅಳುತ್ತಾ ಅಳುತ್ತಾ ಕಿವಿಯಲ್ಲಿ ಹೇಳಿದ್ದು ಇಷ್ಟೇ: "ಬಾಯಿ ಬಿಟ್ಟೀಯ, ಜೋಕೆ."

ಬಾಯಿ ಬಿಡಲಿಲ್ಲ. ಆದರೆ ಆ ಸುಳ್ಳು ನನ್ನನ್ನು ಮನೆಯಲ್ಲಿ ಬಿಟ್ಟರೂ ದೇವಸ್ಥಾನದಲ್ಲಿ ಬಿಡುತ್ತಿರಲಿಲ್ಲ. ಅರ್ಚನೆ ಮಾಡಿಸುವಾಗ ಪೂಜಾರಿಗಳು ಗೋತ್ರ, ನಕ್ಷತ್ರ, ರಾಶಿ ಕೇಳುತ್ತಾರೆ. ನಾನು ಪ್ರತಿ ಸಲವೂ ದೇವರ ಎದುರಿಗೇ ಪೂರ್ವಾಷಾಢ ಅನ್ನುತ್ತಿದ್ದೆ. ಮಾವನವರ ಆಯುಸ್ಸಿಗೆ ನಾನು ಹೊತ್ತ ಹರಕೆ, ಮಾಡಿಸಿದ ಅರ್ಚನೆ ಒಂದೆರಡಲ್ಲ. ಅಷ್ಟೂ ಪಿನ್‌ಕೋಡ್ ತಪ್ಪು ಬರೆದ ಕಾಗದದ ಹಾಗೆ ಎಲ್ಲೋ ಬಿದ್ದಿರಬಹುದು ಎಂಬ ಅನುಮಾನ ನನಗೆ. ಕ್ಲಾಸಿನಲ್ಲಿ ಭವಿಷ್ಯ, ಶಕುನ, ವಿಧಿ ಎಲ್ಲವನ್ನೂ ಸಾಹಿತ್ಯದ ವಸ್ತುವೆಂದು ತಣ್ಣಗೆ ವಿವರಿಸುವವಳು ನಾನು. ನಂಬುತ್ತೀಯಾ ಎಂದರೆ ಇಲ್ಲ ಅನ್ನುತ್ತೇನೆ. ಹೆದರುತ್ತೀಯಾ ಎಂದು ಮಾತ್ರ ಯಾರೂ ಕೇಳಬಾರದು.

ಹೆದರಿಕೆಯಿಂದ ನಾನು ಮಾವನಿಗೆ ಜೈಲರ್ ಆದೆ. ತುಪ್ಪ ಇಲ್ಲ, ಬೋಂಡ ಇಲ್ಲ, ಹಬ್ಬದ ಹೋಳಿಗೆ ಅರ್ಧ ಮಾತ್ರ. ಮಳೆ ಬಂದರೆ ವಾಕಿಂಗ್ ಇಲ್ಲ, ಸ್ಕೂಟರ್ ಬೀಗದ ಕೈ ನನ್ನ ಬ್ಯಾಗಿನಲ್ಲಿ. ನೆಂಟರೆಲ್ಲ "ಮಗಳೂ ಹೀಗೆ ನೋಡ್ಕೊಳ್ಳಲ್ಲ" ಎಂದು ಹೊಗಳಿದರು. ಮಾವ ಮಾತ್ರ "ಏನಮ್ಮ, ನನ್ನನ್ನ ಮ್ಯೂಸಿಯಮ್ಮಿಗೆ ಕೊಡ್ತೀಯೇನು?" ಅನ್ನುತ್ತಿದ್ದರು.

ಅವರೂ ಮನುಷ್ಯರೇ ತಾನೇ. ಹೋದ ವರ್ಷ ಒಂದು ಬೆಳಿಗ್ಗೆ, ಲೈಬ್ರರಿಗೆ ಹೋಗಿಬರ್ತೀನಿ ಎಂದು ಹೇಳಿ, ವಿಜಯನಗರದ ಒಂದು ದರ್ಶಿನಿಗೆ ಬೆಣ್ಣೆ ಮಸಾಲೆ ತಿನ್ನಲು ಹೋಗಿದ್ದಾರೆ. ನನ್ನ ಕಣ್ಣಿಗೆ ಬೀಳದ ಹಾಗೆ ಹಿಂದಿನ ಅಡ್ಡರಸ್ತೆಗಳಲ್ಲಿ ಸುತ್ತಿ ಸುತ್ತಿ, ಬಿಸಿಲಿನಲ್ಲಿ ದಾಪುಗಾಲು ಹಾಕಿಕೊಂಡು. ದೋಸೆ ಅರ್ಧ ಮುಗಿಯುವ ಹೊತ್ತಿಗೆ ಎದೆ ಹಿಡಿದುಕೊಂಡಿತು. ಪಕ್ಕದಲ್ಲಿ ನಿಂತು ತಿನ್ನುತ್ತಿದ್ದ ಡೆಲಿವರಿ ಹುಡುಗರು ಆಟೋ ಹತ್ತಿಸಿ ಆಸ್ಪತ್ರೆಗೆ ಸೇರಿಸಿದರು. ಪರೀಕ್ಷೆ ಮಾಡಿದ ಡಾಕ್ಟರು, ರಕ್ತನಾಳಗಳು ಕಟ್ಟಿಕೊಂಡಿವೆ, ಬೈಪಾಸ್ ಆಗಲೇಬೇಕು, ಈ ವಯಸ್ಸಿಗೆ ಅಪಾಯ ಇಲ್ಲ ಅಂತ ಹೇಳಲಾರೆ ಅಂದರು.

ನಾನು ವರ್ಷಾನುಗಟ್ಟಲೆ ಪಾಠ ಮಾಡಿದ್ದೇ ಇದನ್ನು. ಅಪ್ಪನನ್ನು ಕೊಲ್ಲುತ್ತೀಯ ಎಂಬ ಭವಿಷ್ಯವಾಣಿಗೆ ಹೆದರಿ, ಸಾಕಿದವರನ್ನೇ ಹೆತ್ತವರೆಂದು ತಿಳಿದು ಊರು ಬಿಟ್ಟು ಓಡುವ ರಾಜ, ಓಡಿದ ದಾರಿಯಲ್ಲೇ ಅದನ್ನು ನಿಜ ಮಾಡುತ್ತಾನೆ. ಕೆಟ್ಟವನಾಗಿ ಅಲ್ಲ, ತಪ್ಪಿಸಲು ಹೋಗಿ. ನಾನು ದೋಸೆಗೆ ಬೀಗ ಹಾಕಿರದಿದ್ದರೆ ಅವರು ಕದ್ದು ಓಡುತ್ತಿದ್ದರೇ? ಮೂಲಾ ನಕ್ಷತ್ರ ಕೂತಲ್ಲಿಂದ ಏಳಲೇ ಇಲ್ಲ, ಅದರ ಕೆಲಸ ನಾನೇ ಮಾಡಿಕೊಟ್ಟೆ ಅನ್ನಿಸಿತು. ಅವರಿಗೇನಾದರೂ ಆದರೆ ಕೊಂದವಳು ನಾನೇ. ಗಂಡನಿಗೆ ಹೇಳೋಣವೆಂದರೆ ಅವರೇ ಅಪ್ಪನ ಚಿಂತೆಯಲ್ಲಿ ಒಣಗಿ ಹೋಗಿದ್ದರು.

ಆಪರೇಷನ್ನಿಗೆ ಎರಡು ದಿನ ಇರುವಾಗ ಕ್ಲಾಸಿಗೆ ಹೋದೆ. ಅದೇ ರಾಜನ ಕಥೆ. ಬಾಗಲಕೋಟೆ ಕಡೆಯ ಒಬ್ಬ ಹುಡುಗಿ, ಅನ್ನಪೂರ್ಣೇಶ್ವರಿ ನಗರದಲ್ಲಿ ರೂಮು ಮಾಡಿಕೊಂಡು ಓದುವವಳು, ಎದ್ದು ನಿಂತಳು.

"ಮೇಡಮ್ರೀ, ಅವನ್ನ ಹಡದವ್ರು ಯಾರು ಅಂತ ಸಾಕಿದವ್ರು ಮೊದಲಽ ಖರೆ ಹೇಳಿದ್ರ ಮುಗೀತಿತ್ತಲ್ರೀ? ಅವ ಓಡತಿದ್ದಿಲ್ಲ."

ನನಗೆ ಎಲ್ಲಿತ್ತೋ ಸಿಟ್ಟು. "ಹಾಗೆ ಹೇಳಿಬಿಟ್ಟಿದ್ರೆ ನಾಟಕವೇ ಇರ್ತಿರಲಿಲ್ಲ. ಕೂತ್ಕೋ" ಎಂದು ಸಿಡುಕಿದೆ.

"ನಾಟಕ ಇರದಿದ್ರ ಏನಾತ್ರೀ," ಅಂದಳು, ಕೂರುತ್ತಲೇ. "ಮಂದಿ ಉಳೀತಿದ್ರಲ್ರೀ."

ಕ್ಲಾಸು ಗೊಳ್ಳೆಂದಿತು. ನಾನು ಬೋರ್ಡಿನ ಕಡೆ ತಿರುಗಿ, ಬರೆಯಲು ಏನೂ ಇಲ್ಲದೆ, ಬರೆದದ್ದನ್ನೇ ಅಳಿಸಿದೆ.

ಮರುದಿನ ಬೆಳಿಗ್ಗೆ ಅತ್ತೆ ನನ್ನನ್ನು ಕರೆದುಕೊಂಡು ನಮ್ಮ ಬೀದಿಯ ಕೊನೆಯ ದೇವಸ್ಥಾನಕ್ಕೆ ಹೋದರು. ಮಾವನ ಹೆಸರಲ್ಲಿ ಅರ್ಚನೆ, ಜೊತೆಗೆ ಮನೆಯವರೆಲ್ಲರದೂ. ಪೂಜಾರಿಗಳಿಗೆ ನಮ್ಮೆಲ್ಲರ ನಕ್ಷತ್ರ ಬಾಯಿಪಾಠ. ಮಾವನದಾಯಿತು, ನನ್ನ ಗಂಡನದಾಯಿತು. ನನ್ನ ಸರದಿಗೆ "ಪೂರ್ವಾಷಾಢ" ಎಂದು ಅವರೇ ಶುರು ಮಾಡಿದರು.

"ಮೂಲಾ," ಅಂದೆ.

ಪೂಜಾರಿಗಳು ಹೂವಿನ ಕೈ ತಡೆದರು. "ಪೂರ್ವಾಷಾಢ ಅಲ್ವೇನಮ್ಮ? ಇಷ್ಟು ವರ್ಷ..."

"ಮೂಲಾ ಅಂದೆನಲ್ಲ ಸ್ವಾಮಿ! ಮೂಲಾ ನಕ್ಷತ್ರ, ಧನುರಾಶಿ. ಹಾಗೇ ಹೇಳಿ."

ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ದೇವರಿಗೆ ತಲುಪಿದರೆ ಇವತ್ತಾದರೂ ಸರಿಯಾದ ವಿಳಾಸದಿಂದ ತಲುಪಲಿ, ಆಮೇಲೆ ಅತ್ತೆ ಮನೆಯಿಂದ ಹೊರಗೆ ಹಾಕಿದರೆ ಹಾಕಲಿ ಎಂದುಕೊಂಡೆ. ಪಕ್ಕಕ್ಕೆ ನೋಡುವ ಧೈರ್ಯ ಬರಲಿಲ್ಲ. ಪೂಜಾರಿಗಳು ಅತ್ತೆಯ ಕಡೆ ತಿರುಗಿ "ನಿಮ್ಮದು ಪುಷ್ಯ ತಾನೇ ಅಮ್ಮ?" ಎಂದು ಕೇಳಿದರು. ಉತ್ತರ ಇಲ್ಲ. ಇನ್ನೊಮ್ಮೆ ಕೇಳಿದರು. ಅತ್ತೆ ಕಣ್ಣು ಮುಚ್ಚಿ ಕೈ ಮುಗಿದು ನಿಂತೇ ಇದ್ದರು. ಸಿಟ್ಟಿಗೆ ಬಾಯಿ ಕಟ್ಟಿರಬೇಕು ಎಂದು ನಾನು ತಿಳಿದೆ.

ಮನೆಗೆ ಬರುವ ದಾರಿಯಲ್ಲಿ ಮಾತಿಲ್ಲ. ಮಧ್ಯಾಹ್ನದ ಊಟಕ್ಕೆ ಮಾತಿಲ್ಲ. ಸೊಪ್ಪಿನವನ ಹತ್ತಿರ ಒಂದು ಕಟ್ಟಿಗೂ ಜಗಳವಾಡುವ ನನ್ನ ಅತ್ತೆ, ಅವನು ಹೇಳಿದಷ್ಟಕ್ಕೇ ತೆಗೆದುಕೊಂಡು ಒಳಗೆ ಬಂದರು. ಆಗಂತೂ ನನಗೆ ನಿಜವಾಗಿ ಹೆದರಿಕೆಯಾಯಿತು.

ಗ್ರೀಕರ ನಾಟಕದಲ್ಲಿ ಸಾವು ಕಣ್ಣೆದುರಿಗೆ ನಡೆಯುವುದಿಲ್ಲ. ಅರಮನೆಯ ಬಾಗಿಲು ಮುಚ್ಚಿರುತ್ತದೆ, ಆಗಬೇಕಾದ್ದು ಒಳಗೆ ಆಗುತ್ತದೆ, ಆಮೇಲೆ ಒಬ್ಬ ದೂತ ಹೊರಗೆ ಬಂದು ಹೇಳುತ್ತಾನೆ. ಹೊರಗಡೆ ಮೇಳದವರು ನಿಂತಿರುತ್ತಾರೆ. ನೋಡುವುದು, ಮರುಗುವುದು, ನಾವು ಆಗಲೇ ಹೇಳಿರಲಿಲ್ಲವೇ ಅನ್ನುವುದು, ಅಷ್ಟೇ ಅವರ ಕೆಲಸ. ಆಪರೇಷನ್ ಥಿಯೇಟರಿನ ಮುಚ್ಚಿದ ಬಾಗಿಲೆದುರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಾಗ ಇದೆಲ್ಲ ನೆನಪಾಯಿತು. ನಾನು ಪಾಠ ಮಾಡಿದ ನಾಟಕಗಳಲ್ಲಿ ದೂತ ಒಳ್ಳೆಯ ಸುದ್ದಿ ತಂದದ್ದು ನನಗೆ ನೆನಪೇ ಇಲ್ಲ.

ಗಂಡ ಔಷಧಿ ತರಲು ಕೆಳಗೆ ಹೋಗಿದ್ದರು. ಮೇಳಕ್ಕೆ ನಂದಿನಿ ಲೇಔಟಿನಿಂದ ಮಾವನ ತಂಗಿ, ನಮ್ಮ ಚಿಕ್ಕತ್ತೆ ಬಂದಿದ್ದರು. ಕೂತಲ್ಲೇ ನಿಟ್ಟುಸಿರು ಬಿಟ್ಟು, "ಕಲ್ಲಿನ ಹಾಗಿದ್ದ ನಮ್ಮಣ್ಣ. ಯಾರ ಕಣ್ಣು ಬಿತ್ತೋ, ಯಾರ ಕಾಲ್ಗುಣವೋ" ಅಂದರು. ನಾನು ನೆಲ ನೋಡಿದೆ.

ಅತ್ತೆ ಹಿಂದಿನ ದಿನದಿಂದ ಮೊದಲ ಬಾರಿಗೆ ಬಾಯಿ ತೆರೆದರು. "ಏಯ್, ಕಾಲ್ಗುಣ ಆಮೇಲೆ ನೋಡೋಣ. ನೀನು ಮೊದಲು ಕ್ಯಾಂಟೀನಿಗೆ ಹೋಗಿ ಮೂರು ಕಾಫಿ ತಗೊಂಬಾ."

ಚಿಕ್ಕತ್ತೆ ಕಣ್ಮರೆಯಾದ ಮೇಲೆ ಅತ್ತೆ ನನ್ನ ಪಕ್ಕದ ಕುರ್ಚಿಗೆ ಬಂದು ಕೂತರು.

"ಅತ್ತೆ, ನಿನ್ನೆ ನಾನು ಹೇಳಿದ್ದು..."

"ಕೇಳಿಸ್ತು ಕಣೇ. ನಂಗೇನು ಕಿವುಡಾ?" ಚಿಕ್ಕತ್ತೆ ಹೋದ ಕಡೆ ಒಮ್ಮೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು. "ನಂದು ಆಶ್ಲೇಷ."

ನನಗೆ ಅರ್ಥವೇ ಆಗಲಿಲ್ಲ. "ನಿಮ್ಮದು ಪುಷ್ಯ ಅಲ್ವಾ?"

"ಪುಷ್ಯ ಅಂತ ನಮ್ಮಪ್ಪ ಹೇಳಿಕೊಟ್ಟಿದ್ದು. ಆಶ್ಲೇಷ ಅಂದ್ರೆ ಅತ್ತೆ ಇರೋ ಮನೆಯವರು ಯಾರು ಮಾಡ್ಕೋತಾರೆ? ಎರಡೂ ಕರ್ಕಾಟಕ ರಾಶಿನೇ, ಅರ್ಧ ನಿಜ ಆಯ್ತು ಬಿಡು ಅಂದ್ರು."

"ಅಯ್ಯೋ! ನಮ್ಮಮ್ಮನೂ ಇದನ್ನೇ ಅಂದಿದ್ಳು."

"ಅನ್ನದೆ ಏನು? ಹೆತ್ತವರೆಲ್ಲ ಒಂದೇ ಸ್ಕೂಲು." ಸೆರಗಿನಲ್ಲಿ ಮೂಗು ಒರೆಸಿಕೊಂಡರು. "ಬಂದ ದಿನದಿಂದ ನಮ್ಮತ್ತೆ ಕೆಮ್ಮಿದ್ರೆ ನನಗೆ ಜೀವ ಹಾರೋದು. ಕಷಾಯ, ಎಣ್ಣೆನೀರು, ಕಾಲೊತ್ತೋದು, ಒಂದಾ ಎರಡಾ. ಹೆದರಿ ಹೆದರಿ ಎಷ್ಟು ಚೆನ್ನಾಗಿ ನೋಡ್ಕೊಂಡೆ ಅಂದ್ರೆ, ಆ ಮಹಾತಾಯಿ ಸಾಯೋದನ್ನೇ ಮರೆತುಬಿಟ್ರು. ತೊಂಬತ್ತು ದಾಟಿ ಬದುಕಿದ್ರು. ಹೋಗೋ ಹಿಂದಿನ ದಿನಾನೂ ನನ್ನ ಸಾರಿಗೆ ಉಪ್ಪು ಕಮ್ಮಿ ಅಂದೇ ಹೋದ್ರು."

ಅಲ್ಲಿ, ಆ ಬಾಗಿಲೆದುರು, ನನಗೆ ನಗು ಬಂತು. ಅದರ ಬೆನ್ನಿಗೇ ಅಳುವೂ ಬಂತು. "ಮತ್ತೆ ನಿನ್ನೆಯಿಂದ ಯಾಕೆ ಮಾತೇ ಆಡಲಿಲ್ಲ ನೀವು? ನನ್ನ ಪ್ರಾಣ ಹೋಗಿತ್ತು!"

"ನಾಚಿಕೆ ಆಯ್ತು ಕಣೇ. ಪೂಜಾರಿ ಎರಡು ಸಲ ಕೇಳಿದ್ರು. ಪುಷ್ಯ ಅನ್ನೋಕೆ ಮನಸ್ಸು ಬರಲಿಲ್ಲ, ಆಶ್ಲೇಷ ಅನ್ನೋಕೆ ಧೈರ್ಯ ಬರಲಿಲ್ಲ. ನಿನಗಿರೋ ಗುಂಡಿಗೆ ನನಗಿಲ್ವಲ್ಲ ಅಂತ." ಆಮೇಲೆ ನನ್ನ ಕೈ ಹಿಡಿದುಕೊಂಡರು. "ಒಳಗೆ ಏನೇ ಆಗಲಿ, ಅದು ನಿನ್ನಿಂದ ಅಂತ ಒಬ್ಬಳು ಬಾಯಿ ಬಿಡಲಿ, ನಾನು ನೋಡ್ಕೋತೀನಿ. ನೀನೂ ಹಾಗಂದ್ಕೋಬೇಡ. ತಿಳೀತಾ?"

ಬಾಗಿಲು ಇನ್ನೂ ತೆರೆದಿರಲಿಲ್ಲ. ಸುದ್ದಿ ಬಂದ ಮೇಲೆ ಅವರು ಇದನ್ನು ಹೇಳಿದ್ದರೆ ಖುಷಿಯಲ್ಲಿ ಆಡಿದ ಮಾತು ಎಂದುಕೊಳ್ಳುತ್ತಿದ್ದೆನೇನೋ. ಒಳಗೆ ಗಂಡನ ಎದೆ ತೆರೆದಿಟ್ಟಿದ್ದಾಗ, ಏನಾಗುತ್ತದೋ ಗೊತ್ತಿಲ್ಲದಾಗ ಹೇಳಿದರು. ನನ್ನ ಎದೆಯ ಮೇಲೆ ಮದುವೆಯ ದಿನದಿಂದ ಕೂತಿದ್ದ ಕಲ್ಲು ಇಳಿದದ್ದು ಆಗ. ಅಬ್ಬಾ, ಉಸಿರಾಡಲು ಎಷ್ಟೊಂದು ಜಾಗವಿತ್ತು!

ದೂತ ಬಂದದ್ದು ಆಮೇಲೆ. ಎಳೆಯ ಡಾಕ್ಟರು, ಹಣೆಯ ಮೇಲೆ ಟೋಪಿಯ ಗೆರೆ ಮೂಡಿತ್ತು. "ಆಪರೇಷನ್ ಚೆನ್ನಾಗಾಯ್ತಮ್ಮ. ಗಾಬರಿ ಬೇಡ. ಆವತ್ತು ಹೋಟ್ಲಲ್ಲಿ ನೋವು ಕಾಣಿಸ್ಕೊಂಡಿದ್ದೇ ಒಳ್ಳೇದಾಯ್ತು. ಇಲ್ಲದಿದ್ರೆ ಗೊತ್ತಾಗೋ ಹೊತ್ತಿಗೆ ತಡ ಆಗಿರೋದು."

"ಇನ್ನೊಂದ್ಸಲ ಹೇಳಪ್ಪ," ಅಂದರು ಅತ್ತೆ. ಅವರು ಇನ್ನೊಂದು ಸಲ ಹೇಳಿದರು. ಅಷ್ಟರಲ್ಲಿ ಕಾಫಿ ಹಿಡಿದು ಬಂದ ಚಿಕ್ಕತ್ತೆ, "ನಾನು ಆಗ್ಲೇ ಹೇಳಿರಲಿಲ್ವಾ, ನಮ್ಮಣ್ಣಂಗೆ ಏನೂ ಆಗಲ್ಲ ಅಂತ!" ಎಂದು ಎಲ್ಲರಿಗಿಂತ ಜೋರಾಗಿ ಅತ್ತರು. ಆ ಕಾಫಿ ಆರಿ ಹೋಗಿತ್ತು, ಸಕ್ಕರೆ ಜಾಸ್ತಿಯಾಗಿತ್ತು. ನಾನು ನನ್ನದನ್ನೂ ಕುಡಿದು ಅತ್ತೆಯದನ್ನೂ ಕುಡಿದೆ.

ಮರುದಿನ ಐಸಿಯುಗೆ ಒಬ್ಬೊಬ್ಬರನ್ನೇ ಬಿಟ್ಟರು. ಅತ್ತೆ ಹೋಗಿ ಬಂದ ಮೇಲೆ ನಾನು ಹೋದೆ. ಮಾವ ಕೊಳವೆಗಳ ನಡುವೆ ಸಣ್ಣಗೆ ಮಲಗಿದ್ದರು. ಕನ್ನಡಕವಿಲ್ಲದ ಮುಖ ಬೇರೆ ಯಾರದೋ ಅನ್ನಿಸಿತು. ನಾನು ಹತ್ತಿರ ನಿಂತದ್ದು ತಿಳಿದು ಕಣ್ಣು ತೆರೆದರು. ತುಟಿ ಒಣಗಿತ್ತು. ಏನೋ ಹೇಳಲು ನೋಡಿದರು, ನಾನು ಬಗ್ಗಿ ಕಿವಿ ಕೊಟ್ಟೆ.

"ಈವತ್ತು... ಯಾರಮ್ಮ... ಸಾಯೋದು?"

"ಯಾರೂ ಇಲ್ಲ ಮಾವ," ಅಂದೆ. ಅಷ್ಟು ವರ್ಷಗಳಲ್ಲಿ ಆ ಪ್ರಶ್ನೆಗೆ ನಾನು ಆ ಉತ್ತರ ಕೊಟ್ಟದ್ದು ಅದೇ ಮೊದಲು.